ಗೋಡೆಕಿವಿಗೆ ಹೇಳಬಾರದ ಹೆಸರುಗಳು

ನಮ್ಮೂರಿನಲ್ಲಿ ಯಾರೂ ಕೆಲಸದ ಹೆಸರನ್ನು ಸುಮ್ಮಸುಮ್ಮನೆ ಬಾಯಿಗೆ ತರುವುದಿಲ್ಲ. ಅತ್ತೆ ಸೊಸೆಯನ್ನು "ಅಂಗಳದ್ದು ಆಯ್ತೇನೇ?" ಎಂದು ಕೇಳುತ್ತಾಳೆ. ಸೊಸೆ "ಆಯ್ತು, ಒಲೆದು ಬಾಕಿ" ಅನ್ನುತ್ತಾಳೆ. ಗುಡಿಸು, ತೊಳೆ, ಹಚ್ಚು ಎಂಬ ಮಾತುಗಳು ನಮ್ಮ ಮನೆಗಳಲ್ಲಿ ಕೇಳಿಬರುವುದೇ ಇಲ್ಲ. ಹೆಸರು ಹಿಡಿದು ಕರೆದರೆ ಕೆಲಸ ತಾನಾಗಿ ನಡೆಯುವುದು ಪುರಸಭೆಯ ಗೋಡೆಕಿವಿಯಲ್ಲಿ ಮಾತ್ರ, ಮನೆಯಲ್ಲಿ ಕರೆದರೆ ಏನೂ ಆಗುವುದಿಲ್ಲ. ಅದು ಎಲ್ಲರಿಗೂ ಗೊತ್ತು. ಆದರೂ ನಾಲಿಗೆ ಹುಷಾರಾಗಿರುತ್ತದೆ. ಬೇರೆ ಊರಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಮೊದಲ ವರ್ಷ ಇದು ಕಷ್ಟ. ಆಮೇಲೆ ಅವರೂ "ಅದು ಆಯ್ತಾ, ಇದು ಆಯ್ತಾ" ಎಂದು ಸಂಸಾರ ನಡೆಸುವುದನ್ನು ಕಲಿಯುತ್ತಾರೆ.

ಗೋಡೆಕಿವಿ ಎಂದರೆ ಕಚೇರಿಯ ಪೂರ್ವದ ಗೋಡೆಯಲ್ಲಿರುವ ಒಂದು ತೂತು. ತೆಂಗಿನ ಚಿಪ್ಪಿನಷ್ಟು ಅಗಲ, ಅಂಚಿಗೆ ಹಿತ್ತಾಳೆಯ ಕಟ್ಟು. ಅದರ ಪಕ್ಕ ಕಿಟಕಿ, ಕಿಟಕಿಯ ಹಿಂದೆ ಕುರ್ಚಿ, ಆ ಕುರ್ಚಿಯಲ್ಲಿ ಹತ್ತೊಂಬತ್ತು ವರ್ಷ ನಾನು. ಕಾಗದಪತ್ರದಲ್ಲಿ ನನ್ನ ಹೆಸರು ಕಾತ್ಯಾಯಿನಿ, ಬಿ.ಎಸ್ಸಿ. ಊರಿನ ಬಾಯಲ್ಲಿ ಕರೆಯಮ್ಮ. ಕಿಟಕಿಗೆ ಬಂದವರು "ಅಮ್ಮಾ, ನಮ್ಮ ಬೀದಿಗೆ ಎರಡು ದಿನದಿಂದ ಬಂದಿಲ್ಲ" ಅನ್ನುತ್ತಾರೆ. ನಾನು ಕಿವಿಯ ಹತ್ತಿರ ಬಾಗಿ "ನೀರು ಬಿಡು, ಹೂವಾಡಿಗರ ಬೀದಿ" ಎಂದು ಹೇಳುತ್ತೇನೆ. ಅವರು ಮನೆ ಮುಟ್ಟುವ ಹೊತ್ತಿಗೆ ನಲ್ಲಿ ಗುಳುಗುಳು ಅನ್ನುತ್ತಿರುತ್ತದೆ. ಗೋಡೆಕಿವಿ ಒಬ್ಬರ ದನಿಯನ್ನು ಮಾತ್ರ ಕೇಳುತ್ತದೆ. ಮೊದಲು, ನನಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ನರಸಮ್ಮನವರದು, ಅವರು ಕಾಲವಾದ ಮೇಲೆ ನನ್ನದು.

ಕರೆಯಬಹುದಾದ ಕೆಲಸಗಳು ಒಟ್ಟು ನೂರಹನ್ನೆರಡು. ಅವುಗಳಲ್ಲಿ ಮೂವತ್ತೊಂಬತ್ತನ್ನು ಯಾರು ಕೇಳಿದರೂ ಕರೆಯಬಹುದು: ನೀರು, ದೀಪ, ಚರಂಡಿ, ಕಸ, ಸುಣ್ಣ. ಉಳಿದ ಎಪ್ಪತ್ತಮೂರನ್ನು ಕರೆಯುವ ಮೊದಲು ಮೂರು ಪ್ರಶ್ನೆ ಕೇಳಬೇಕು. ಯಾರಿಗಾಗಿ? ಯಾರನ್ನು ಕೇಳಿ? ಒಳಗೆ ಯಾರಿದ್ದಾರೆ? ಉತ್ತರಗಳನ್ನು ಪುಸ್ತಕದಲ್ಲಿ ಬರೆದು, ಜಾಗಕ್ಕೆ ಹೋಗಿ ಕಣ್ಣಾರೆ ನೋಡಿ ಬಂದು, ಕೆಳಗೆ ಸಹಿ ಮಾಡಿ, ಆಮೇಲೆ ಬಾಯಿ ತೆರೆಯಬೇಕು. "ಕೆಲಸ ನೋಡ್ಕೊಂಡು ಮಾಡಲ್ಲ ಕಣೇ, ನೋಡೋದು ನಿನ್ನ ಪಾಲಿಗೆ" ಎಂದು ನರಸಮ್ಮನವರು ಎರಡು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದರು. ನನಗೆ ಮೊದಲಿನಿಂದಲೂ ಅಂಜಿಕೆಯ ಸ್ವಭಾವ. ಮನೆಯ ಬೀಗವನ್ನು ಮೂರು ಸಲ ಎಳೆದು ನೋಡುತ್ತೇನೆ. ಬೀದಿಯಲ್ಲಿ ನಾಲ್ಕು ಜನ ಗಟ್ಟಿಯಾಗಿ ಮಾತಾಡಿದರೆ ಎದೆ ಹೊಡೆದುಕೊಳ್ಳುತ್ತದೆ. ಅಂಥವಳಿಗೆ ಹೇಳಿ ಮಾಡಿಸಿದ ಕುರ್ಚಿ ಅದು. ಬೇಡ ಅನ್ನುವುದೇ ಅಲ್ಲಿ ಅರ್ಧ ಕೆಲಸ.

ಮಂಟಪದ ಬೀದಿಯ ಗುರುಲಿಂಗಯ್ಯನಿಗೆ ನಾನು ಮೂರು ಸಲ ಬೇಡ ಅಂದಿದ್ದೆ. ಅವನದು ಅಲ್ಲಿ ದೊಡ್ಡ ಹೋಟೆಲು. ಪಕ್ಕದ ಮೂಲೆಯಲ್ಲಿ ಇಸ್ತ್ರಿ ಮಾಡುವ ಸಾಕಮ್ಮನ ಎರಡು ಕೋಣೆಯ ಹೆಂಚಿನ ಮನೆ. ಅವಳ ಗೋಡೆ ಹೋಟೆಲಿನ ಬಾಗಿಲಿಗೆ ಅಡ್ಡ ಎಂಬುದು ಅವನ ತಕರಾರು. "ಏನ್ ಕರೆಯಮ್ಮ, ಒಂದು ಮೂಲೆ ಗೋಡೆ, ಅದೂ ಇವತ್ತೋ ನಾಳೆಯೋ ಅನ್ನೋ ಗೋಡೆ. ಒಂದು ಮಾತು ಆ ಕಿವಿಗೆ ಹಾಕಬಾರದಾ?" ಎಂದು ನಗುತ್ತಾ ಬರುತ್ತಿದ್ದ. ನಾನು ಪುಸ್ತಕ ತೆಗೆದು ಯಾರಿಗಾಗಿ ಎಂದು ಕೇಳುತ್ತಿದ್ದೆ. "ಊರಿಗಾಗಿ. ಬಂದವರು ಗಾಡಿ ಎಲ್ಲಿ ನಿಲ್ಲಿಸಬೇಕು ಹೇಳಿ." ಯಾರನ್ನು ಕೇಳಿ? "ಎಲ್ಲಾರೂ ಹೇಳ್ತಾರೆ." ಒಳಗೆ ಯಾರಿದ್ದಾರೆ? "ಸಾಕಮ್ಮ ಇರ್ತಾಳೆ. ಅವಳೇನು, ಎಲ್ಲಿ ಬೇಕಾದ್ರೂ ಇರಬಹುದು." ನಾನು ಪುಸ್ತಕ ಮುಚ್ಚುತ್ತಿದ್ದೆ. ಅವನು ಅದೇ ನಗೆಯಲ್ಲಿ ಹೋಗುತ್ತಿದ್ದ.

ಹೋದ ವರ್ಷ ಶಾಂತಮಲ್ಲಪ್ಪ ಪುರಸಭೆಯ ಅಧ್ಯಕ್ಷರಾದರು. ಬಂದ ತಿಂಗಳಿಗೇ ನನ್ನನ್ನು ಕರೆಸಿ, "ನೋಡಮ್ಮ, ಒಬ್ಬ ಹೆಂಗಸಿನ ಗಂಟಲ ಮೇಲೆ ಇಡೀ ಊರು ನಿಂತಿದೆ. ನಿಮಗೆ ಜ್ವರ ಬಂದರೆ ಊರಿಗೆ ನೀರಿಲ್ಲ. ಕಿಟಕಿಗೆ ಒಂದು ಕಂಪ್ಯೂಟರ್ ಇಡೋಣ. ನೀವು ಓದಿದವರು, ನೀವೇ ಬರೆಯಿರಿ" ಎಂದರು. ಮಾತಿನಲ್ಲಿ ತಪ್ಪಿರಲಿಲ್ಲ. ಜ್ವರದಲ್ಲಿ ಕಂಬಳಿ ಹೊದ್ದು ಕಿಟಕಿಗೆ ಬಂದ ದಿನಗಳು ನನಗೆ ನೆನಪಿದ್ದವು. ಆರು ತಿಂಗಳು ಕೂತು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತೆ. ನನಗೆ ಅದು ಇಷ್ಟವೂ ಆಯಿತು. ಅದರಲ್ಲಿ ಒಂದೊಂದು ಕೆಲಸವನ್ನೂ ಒಂದೊಂದು ಫಂಕ್ಷನ್ ಆಗಿ ಬರೆದು ಅದಕ್ಕೊಂದು ಹೆಸರು ಇಡುತ್ತಾರೆ. ಆ ಹೆಸರು ಕರೆದಾಗ ಮಾತ್ರ ಅದು ಏಳುತ್ತದೆ, ಅಲ್ಲಿಯವರೆಗೆ ತೆಪ್ಪಗೆ ಬಿದ್ದಿರುತ್ತದೆ. ನಮ್ಮೂರಿನವರೇ ಯಾರೋ ಕಂಡುಹಿಡಿದ ಭಾಷೆ ಅನ್ನಿಸಿತ್ತು.

ನನ್ನ ದನಿಯಲ್ಲಿ ಕೆಲಸದ ಹೆಸರು, ಬೀದಿ, ಮನೆ ನಂಬರುಗಳನ್ನೆಲ್ಲ ಓದಿಸಿ ಕಂಪ್ಯೂಟರಿಗೆ ತುಂಬಿಕೊಂಡರು. ಮೂರು ದಿನ ಓದಿದೆ. ನೂರಹನ್ನೆರಡನ್ನೂ ಓದಿದೆ, ನೂರಹನ್ನೆರಡಕ್ಕೂ ಫಂಕ್ಷನ್ ಬರೆದೆ, ಏಕೆಂದರೆ ಅರ್ಧಕ್ಕೆ ಬಿಡುವುದು ನನಗೆ ಒಗ್ಗದು. ಆದರೆ ಕಿಟಕಿಗೆ ಬಂದವರು ಒತ್ತಿದ ಹೆಸರು ನೇರವಾಗಿ ಒಳಗೆ ಹೋಗದಂತೆ ನಡುವೆ ಒಂದು ಪಟ್ಟಿ ಇಟ್ಟೆ. ಎಡಗಡೆ ಜನ ಒತ್ತಬಹುದಾದ ಮೂವತ್ತೊಂಬತ್ತು ಹೆಸರು, ಬಲಗಡೆ ಅದಕ್ಕೆ ತಕ್ಕ ಫಂಕ್ಷನ್. ಒತ್ತಿದ್ದು ಪಟ್ಟಿಯಲ್ಲಿದ್ದರೆ ಸ್ಪೀಕರಿನಲ್ಲಿ ನನ್ನ ದನಿ ಗೋಡೆಕಿವಿಗೆ ಹೇಳುತ್ತದೆ. ಇಲ್ಲದಿದ್ದರೆ ಪರದೆಯ ಮೇಲೆ "ಈ ಕೆಲಸ ಇಲ್ಲಿ ಸಿಗುವುದಿಲ್ಲ, ಕರೆಯಮ್ಮನನ್ನು ಕಾಣಿರಿ" ಎಂದು ಬರುತ್ತದೆ. ಅಷ್ಟೇ. ಬಾಗಿಲಿನಲ್ಲಿ ಕಾವಲಿಟ್ಟೆ, ಒಳಗಿನ ಒಂದು ಕೋಣೆಗೂ ಚಿಲಕ ಹಾಕಲಿಲ್ಲ. ಮೂರು ಪ್ರಶ್ನೆಗಳನ್ನು ಆ ಎಪ್ಪತ್ತಮೂರು ಫಂಕ್ಷನ್‌ಗಳ ಒಳಗೇ ಬರೆಯಬೇಕಿತ್ತು. ಆ ಪ್ರಶ್ನೆ ಕೇಳಲು ನಾನಿದ್ದೇನಲ್ಲ ಅಂದುಕೊಂಡೆ. ನನ್ನನ್ನೇ ಕುರ್ಚಿಯಿಂದ ಎಬ್ಬಿಸಿಬಿಡುತ್ತಾರೆ ಎಂದು, ಬೀಗವನ್ನು ಮೂರು ಸಲ ಎಳೆದು ನೋಡುವ ನನಗೆ, ಹೊಳೆಯಲೇ ಇಲ್ಲ.

ಉದ್ಘಾಟನೆಗೆ ಹತ್ತು ದಿನವಿದ್ದಾಗ ಅಧ್ಯಕ್ಷರು ಸುಧನ್ವ ಎಂಬ ಸಲಹೆಗಾರರನ್ನು ಕರೆದುಕೊಂಡು ಬಂದರು. ನಲವತ್ತೈದರ ಆಸುಪಾಸು, ಬೆರಳಿನಲ್ಲಿ ಸದಾ ಗಾಡಿಯ ಕೀ ತಿರುಗಿಸುವ ಮನುಷ್ಯ. ನಾನು ಬರೆದದ್ದನ್ನು ನಿಂತುಕೊಂಡೇ ಓದಿದರು. "ಮೇಡಂ, ಈ ಪಟ್ಟಿ ಯಾಕೆ? ಒತ್ತಿದ ಹೆಸರನ್ನ ಇಡೀ ಪ್ರೋಗ್ರಾಮಿನಲ್ಲಿ ಹುಡುಕು, ಸಿಕ್ಕಿದ್ದನ್ನ ನಡೆಸು ಅಂತ ಒಂದು ಸಾಲು ಬರೆದರೆ ಆಯ್ತು. ನಾಳೆ ಹೊಸ ಕೆಲಸ ಬಂದರೆ ಪಟ್ಟಿ ತಿದ್ದುತ್ತಾ ಕೂರ್ತೀರಾ?"

"ಆ ಒಂದು ಸಾಲು ಪಟ್ಟಿಯಲ್ಲಿ ಇಲ್ಲದ್ದನ್ನೂ ನಡೆಸುತ್ತೆ ಸಾರ್" ಎಂದೆ.

"ನಡೆಸಲಿ ಅಂತಾನೇ ತಾನೇ ಇಟ್ಟಿರೋದು?"

"ಒಳಗೆ ಎಪ್ಪತ್ತಮೂರು ಕೆಲಸ ಇದಾವೆ. ಅವನ್ನ ಜನ ಒತ್ತೋ ಹಾಗಿಲ್ಲ."

"ಜನರಿಗೆ ಗೊತ್ತೇ ಇಲ್ಲದ ಹೆಸರನ್ನ ಜನ ಹೇಗೆ ಒತ್ತುತ್ತಾರೆ ಮೇಡಂ?" ಎಂದು ಅವರು ಅಧ್ಯಕ್ಷರ ಕಡೆ ನೋಡಿ ನಕ್ಕರು. ಅಧ್ಯಕ್ಷರೂ ನಕ್ಕರು. ಅದಾದ ನಾಲ್ಕನೇ ದಿನ ಇದೇ ಸುಧನ್ವ, ಜನಕ್ಕೆ ಅನುಕೂಲವಾಗಲಿ ಎಂದು, ಮೊದಲ ಅಕ್ಷರ ಒತ್ತಿದರೆ ಸಾಕು, ಆ ಅಕ್ಷರದ ಹೆಸರುಗಳೆಲ್ಲ ಪರದೆಯ ಮೇಲೆ ಸಾಲಾಗಿ ಇಳಿದುಬರುವ ಹಾಗೆ ಮಾಡಿದರು. ಗೊತ್ತಿಲ್ಲದ ಹೆಸರನ್ನು ಯಂತ್ರವೇ ಹೇಳಿಕೊಟ್ಟಿತು.

ನಾನು ಎರಡು ಪುಟ ಬರೆದು ಕೊಟ್ಟೆ. ಯಾವ ಕೆಲಸ ಕರೆದರೆ ಏನಾಗುತ್ತದೆ, ಯಾರಿಗೆ ಏನಾಗಬಹುದು, ಎಲ್ಲವನ್ನೂ ಬಿಡಿಸಿ ಬರೆದಿದ್ದೆ. ಅಧ್ಯಕ್ಷರು ಮೊದಲ ಪುಟ ಓದಿದರು, ಎರಡನೆಯದರ ಮೇಲೆ ಚಹಾದ ಲೋಟ ಇಟ್ಟರು. "ನಿಮಗೆ ಹೆದರಿಕೆ ಜಾಸ್ತಿ ಕಾತ್ಯಾಯಿನಿ. ಕುರ್ಚಿ ಹೋಗುತ್ತೆ ಅನ್ನೋ ಹೆದರಿಕೆ ಅಲ್ಲ ತಾನೆ?" ಎಂದರು. ಸಿಟ್ಟಿನಲ್ಲಿ ನನಗೆ ಮಾತು ಹೊರಡುವುದಿಲ್ಲ. ಬಾಯಿ ಬರೀ "ಸರಿ ಸಾರ್" ಅನ್ನುತ್ತದೆ. ಅವತ್ತೂ ಹಾಗೇ ಅಂದಿತು. ಆ ಎರಡು ಮಾತನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಸುಧನ್ವ ನನ್ನ ಪಟ್ಟಿ ಕಿತ್ತು ತಮ್ಮ ಒಂದು ಸಾಲು ಬರೆದರು. ಉದ್ಘಾಟನೆ ಆಯಿತು. ಕಿಟಕಿಯ ಮೇಲೆ "ನೀವು ಹೇಳಿದ್ದೇ ಆಗುತ್ತದೆ" ಎಂದು ಬಟ್ಟೆಯ ಬೋರ್ಡು ಕಟ್ಟಿದರು. ಒಂದು ಚೌಕದಲ್ಲಿ ಕೆಲಸದ ಹೆಸರು, ಇನ್ನೊಂದರಲ್ಲಿ ಬೀದಿ, ಮನೆ ನಂಬರು. ಜನ ಮೊದಲು ಹಿಂಜರಿದರು, ಆಮೇಲೆ ಸಾಲು ಹಚ್ಚಿದರು. ಹುಟ್ಟಿದಾಗಿನಿಂದ ಕೆಲಸದ ಹೆಸರು ನುಂಗಿಕೊಂಡೇ ಬದುಕಿದವರಿಗೆ ಅದನ್ನು ಬೆರಳಿನಿಂದ ಮುಟ್ಟಿ ಮಾಡಿಸುವ ಖುಷಿ ಎಷ್ಟಿತ್ತೆಂದರೆ, ಒಂದೇ ಬೀದಿಯ ಕಸವನ್ನು ದಿನಕ್ಕೆ ನಾಲ್ಕು ಸಲ ತೆಗೆಸುತ್ತಿದ್ದರು. ನನ್ನ ಕುರ್ಚಿಯನ್ನು ಹಿಂದಿನ ಹಳೆಯ ಕಡತಗಳ ಕೋಣೆಗೆ ಹಾಕಿದರು. ಅಲ್ಲಿ ಕೂತು ದಿನವಿಡೀ ನನ್ನದೇ ದನಿ ಗೋಡೆಯ ಆಚೆಯಿಂದ ಊರನ್ನು ನಡೆಸುವುದನ್ನು ಕೇಳುತ್ತಿದ್ದೆ.

ಐದನೆಯ ದಿನ, ಗುರುವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಆ ದನಿ "ಗೋಡೆ ಇಳಿಸು, ಮಂಟಪದ ಬೀದಿ, ಹದಿನಾಲ್ಕನೇ ಮನೆ" ಎಂದಿತು. ತಡವರಿಸಲಿಲ್ಲ. ಓದಿಸಿಕೊಂಡಾಗ ಸ್ಪಷ್ಟವಾಗಿ ಓದಿ ಅಂದಿದ್ದರು, ಸ್ಪಷ್ಟವಾಗಿಯೇ ಓದಿದ್ದೆ.

ಹದಿನಾಲ್ಕು ಸಾಕಮ್ಮನ ಮನೆ. ಚಪ್ಪಲಿ ಮೆಟ್ಟದೆ ಓಡಿದೆ. ಕಿಟಕಿಯ ಮುಂದೆ ಗುರುಲಿಂಗಯ್ಯ ಕರ್ಚೀಫಿನಿಂದ ಬೆರಳು ಒರೆಸಿಕೊಳ್ಳುತ್ತಾ ನಿಂತಿದ್ದ. ಕರೆದ ಕೆಲಸವನ್ನು ನಡುವೆ ನಿಲ್ಲಿಸಲು ನಮ್ಮಲ್ಲಿ ಹೆಸರಿಲ್ಲ. ಗೋಡೆಗೆ ಕರೆದರೂ ಇಳಿಯುವುದು ಇಡೀ ಮನೆ. ಅದಕ್ಕೆ ಹನ್ನೊಂದು ನಿಮಿಷ ಬೇಕು, ಮಂಟಪದ ಬೀದಿ ಮುಟ್ಟಲು ನನಗೆ ಎಂಟು ನಿಮಿಷವಾಯಿತು.

ನಮ್ಮೂರಿನ ಕೆಲಸಗಳು ಅಚ್ಚುಕಟ್ಟು. ಧೂಳಿಲ್ಲ, ಸದ್ದಿಲ್ಲ. ನಾನು ಹೋಗುವಾಗ ಹೆಂಚುಗಳು ಹತ್ತು ಹತ್ತರ ಅಟ್ಟಿಯಾಗಿ ಬೀದಿಯ ಅಂಚಿನಲ್ಲಿ ಕೂತಿದ್ದವು. ಬಾಗಿಲು ಚೌಕಟ್ಟಿನ ಸಮೇತ ಬೇವಿನ ಮರಕ್ಕೆ ಒರಗಿತ್ತು. ಊರವರ ಇಸ್ತ್ರಿಯಾದ ಬಟ್ಟೆಗಳು ಒಂದು ಮಡಿಕೆಯೂ ಕೆಡದೆ ಮಂಚದ ಮೇಲಿದ್ದವು. ಇಟ್ಟಿಗೆಗಳು ಒಂದೊಂದಾಗಿ ಕೆಳಗಿಳಿದು ಒಂದರ ಪಕ್ಕ ಒಂದು ನೆಟ್ಟಗೆ ಜೋಡಿಸಿಕೊಳ್ಳುತ್ತಿದ್ದವು. ಆ ಅಟ್ಟಿಯ ಪಕ್ಕ ನೆಲದ ಮೇಲೆ ಸಾಕಮ್ಮ ಕೂತಿದ್ದಳು. ಅವಳ ಬಲಗೈ ಮೊಣಕೈವರೆಗೆ ಇಟ್ಟಿಗೆಗಳ ಒಳಗಿತ್ತು. ಕೆಂಡದ ಇಸ್ತ್ರಿಪೆಟ್ಟಿಗೆ ನೆಲದ ಮೇಲಿದೆಯಲ್ಲ, ಊರವರ ಬಟ್ಟೆ ಸುಟ್ಟೀತು ಎಂದು ಎತ್ತಿಕೊಳ್ಳಲು ಕೈ ಚಾಚಿದ್ದಳಂತೆ. ಇಟ್ಟಿಗೆಗಳು ಆ ಕೈಯನ್ನೂ ಒಂದು ಇಟ್ಟಿಗೆಯ ಜಾಗದಂತೆ ಲೆಕ್ಕ ಹಿಡಿದು, ಅದರ ಸುತ್ತ, ಅದರ ಮೇಲೆ, ನೂಲು ಹಿಡಿದ ಹಾಗೆ ಕೂತಿದ್ದವು.

ಅವಳು ಚೀರುತ್ತಿರಲಿಲ್ಲ. ನನ್ನನ್ನು ನೋಡಿ, "ಕರೆಯಮ್ಮ, ಕಚೇರಿ ಕಡೆಯಿಂದ ಓಡಿ ಬಂದವ್ರು ನಿನ್ನ ದನಿ ಕೇಳಿಸ್ತು ಅಂತ ಹೇಳ್ತವ್ರೆ. ನೀನೇ ಕರೆದ್ಯಾ?" ಎಂದಳು.

"ಇಲ್ಲ ಸಾಕಮ್ಮ."

"ಮತ್ತೆ ದನಿ?"

"ದನಿ ನಂದೇ."

ಅವಳು ಎಡಗೈಯಿಂದ ಅಟ್ಟಿಯ ತುದಿ ತೋರಿಸಿದಳು. "ಹಂಗಾದ್ರೆ ಮೇಲಿಂದ ತೆಗಿ. ಕೆಳಗಿಂದ ಎಳೆದ್ರೆ ಎಲ್ಲಾ ಕುಸೀತದೆ" ಎಂದಳು. ಮೇಲಿನಿಂದ ತೆಗೆದೆವು, ನಾನು, ಬೀದಿಯ ನಾಲ್ಕು ಜನ. ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಉಳಿದ ಎರಡು ಇವೆ, ಮಡಿಸಲು ಬರುವುದಿಲ್ಲ. ಸಾಕಮ್ಮ ಇಪ್ಪತ್ತಾರು ವರ್ಷ ಆ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದವಳು.

ಮರುದಿನ ಅಧ್ಯಕ್ಷರ ಕೋಣೆಯಲ್ಲಿ ಸಭೆ. ಅಧ್ಯಕ್ಷರು, ಸುಧನ್ವ, ಗುರುಲಿಂಗಯ್ಯ, ನಾನು. ಮೇಜಿನ ಮೇಲೆ ಬಿಸ್ಕತ್ತಿನ ತಟ್ಟೆ ಇತ್ತು. "ಆಗಬಾರದ್ದು ಆಯಿತು" ಎಂದು ಅಧ್ಯಕ್ಷರು ಶುರುಮಾಡಿದರು.

"ನಾನು ಒತ್ತಿದ್ದು ಹೆಸರು ಅಷ್ಟೆ ಸ್ವಾಮಿ" ಎಂದ ಗುರುಲಿಂಗಯ್ಯ. "ಮಾಡಬಾರದ ಕೆಲಸ ಆಗಿದ್ರೆ ಯಂತ್ರ ಬೇಡ ಅನ್ನಬೇಕಿತ್ತು. ಅದು ಬೇಡ ಅನ್ನಲಿಲ್ಲ."

"ಯಂತ್ರದ ತಪ್ಪೇನೂ ಇಲ್ಲ" ಎಂದರು ಸುಧನ್ವ. "ಕೇಳಿದ್ದನ್ನ ಸರಿಯಾಗಿ ಮಾಡಿದೆ. ಒಂದು ಇಟ್ಟಿಗೆ ಕೂಡ ಒಡೆದಿಲ್ಲ, ನೋಡಿದ್ರಲ್ಲ. ಇನ್ನು ಆ ಫಂಕ್ಷನ್ ಬರೆದವರು ಮೇಡಂ."

"ಯಾರೂ ಒತ್ತಬಾರದು ಅಂತ ಪಟ್ಟಿ ಇಟ್ಟಿದ್ದೆ. ಪಟ್ಟಿ ಕಿತ್ತವರು ನೀವು" ಎಂದೆ. ಅವತ್ತು ಮಾತು ಹೊರಟಿತು.

"ಯಾರು ಏನು ಮಾಡಿದರು ಅನ್ನೋದು ಬೇಡ" ಎಂದು ಅಧ್ಯಕ್ಷರು ನನ್ನ ಮುಂದೆ ಒಂದು ಕಾಗದ ಸರಿಸಿದರು. ವರದಿ ಮೊದಲೇ ತಯಾರಾಗಿತ್ತು. ಹದಿನಾಲ್ಕನೇ ಮನೆಯ ಗೋಡೆ ಶಿಥಿಲವಾಗಿತ್ತು; ಮೂರು ಪ್ರಶ್ನೆಗಳನ್ನು ಕೇಳಲಾಯಿತು; ಒಳಗೆ ಯಾರೂ ಇಲ್ಲವೆಂದು ಉತ್ತರ ಬಂತು; ಕರೆಯಮ್ಮ ಖುದ್ದಾಗಿ ನೋಡಿ ಒಪ್ಪಿದರು. ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿತ್ತು.

ನಮ್ಮೂರಿನ ನಿಯಮ ಹೀಗಿದೆ. ಕರೆಯಮ್ಮನ ಸಹಿ ಇದ್ದರೆ ಇಳಿದ ಮನೆ ಕ್ರಮವಾಗಿ ಇಳಿದದ್ದು, ಜಾಗ ಪುರಸಭೆಗೆ, ಪುರಸಭೆ ಅದನ್ನು ಪಕ್ಕದವರಿಗೆ ಕೊಡಬಹುದು. ಸಹಿ ಇಲ್ಲದಿದ್ದರೆ ಅದು ಕದ್ದ ಕೆಲಸ. ಆಗ ಊರೇ ನಿಂತು ಮೊದಲಿದ್ದ ಹಾಗೆ ಮನೆ ಕಟ್ಟಿಕೊಡಬೇಕು. ಸಾಕಮ್ಮನಿಗೆ ಮನೆ ಇರುತ್ತದೋ ಇಲ್ಲವೋ ಎಂಬುದು ನನ್ನ ಒಂದು ಸಹಿಯ ಮೇಲಿತ್ತು.

"ಒಳಗೆ ಸಾಕಮ್ಮ ಇದ್ದಳು" ಎಂದೆ. "ನಾನು ಸಹಿ ಮಾಡಲ್ಲ."

"ಯೋಚನೆ ಮಾಡಿ."

"ಮಾಡಿ ಆಗಿದೆ."

ಸುಧನ್ವ ಕೀ ತಿರುಗಿಸುವುದನ್ನು ನಿಲ್ಲಿಸಿದರು. "ಅವರಿಗೆ ಯಾಕೆ ತೊಂದರೆ ಕೊಡಬೇಕು ಸಾರ್? 'ಸಹಿ ಹಾಕು' ಅಂತಲೇ ಒಂದು ಇದೆಯಲ್ಲ ಒಳಗೆ" ಎಂದರು.

ಇತ್ತು. ವಾಸದ ದಾಖಲೆ, ಜನನ, ಮರಣ ಎಂದು ದಿನಕ್ಕೆ ಇನ್ನೂರು ಕಾಗದ ಬರುವಾಗ ಕೈ ನೋಯುತ್ತದೆಂದು ನರಸಮ್ಮನವರ ಕಾಲದಿಂದಲೂ ಆ ಕೆಲಸ ಇತ್ತು. ಒಂದೊಂದನ್ನೂ ಓದಿ ನೋಡಿದ ಮೇಲೆ ಕಾಗದವನ್ನು ಗೋಡೆಕಿವಿಯ ಕೆಳಗಿನ ಕಲ್ಲಿನ ಮೇಲಿಟ್ಟು ಹೆಸರು ಕರೆದರೆ, ಕರೆಯಮ್ಮನ ಸಹಿ ಕಾಗದದಲ್ಲಿ ತೇವ ಮೂಡಿದ ಹಾಗೆ ಮೂಡುತ್ತಿತ್ತು. ಎಪ್ಪತ್ತಮೂರರಲ್ಲಿ ಅದೂ ಒಂದು. ಅದನ್ನೂ ನಾನು ಬರೆದಿದ್ದೆ, ಅದನ್ನೂ ನನ್ನ ದನಿಯಲ್ಲಿ ಓದಿದ್ದೆ.

ಸುಧನ್ವ ಕಾಗದ ತೆಗೆದುಕೊಂಡು ಹೊರಗೆ ಹೋದರು. ನಾನು ಎದ್ದು ಅಡ್ಡ ನಿಲ್ಲುವಷ್ಟರಲ್ಲಿ ಗೋಡೆಯ ಆಚೆಯಿಂದ ನನ್ನ ದನಿ "ಸಹಿ ಹಾಕು" ಎಂದಿತು. ಅವರು ಮರಳಿ ಬಂದು ವರದಿಯನ್ನು ಅಧ್ಯಕ್ಷರ ಮುಂದೆ ಇಟ್ಟರು. ನನ್ನ ಸಹಿ. ಕೊನೆಯ ಅಕ್ಷರದ ಕೆಳಗೆ ನಾನು ಎಳೆಯುವ ಸಣ್ಣ ಗೆರೆಯೂ ಇತ್ತು. ಗುರುಲಿಂಗಯ್ಯ ಬಿಸ್ಕತ್ತು ಎತ್ತಿಕೊಂಡ. "ಸೋಮವಾರ ಸಭೆಯಲ್ಲಿ ಓದಿಬಿಡೋಣ" ಎಂದರು ಅಧ್ಯಕ್ಷರು. "ನೀವಿನ್ನು ಹೋಗಿ ಕಾತ್ಯಾಯಿನಿ. ವಿಶ್ರಾಂತಿ ತಗೊಳ್ಳಿ."

ಹೊರಗೆ ಬಂದೆ. ನನಗೆ ಅಷ್ಟು ಸಿಟ್ಟು ಅದುವರೆಗೆ ಬಂದಿರಲಿಲ್ಲ. ದನಿ ಹೋಗಿತ್ತು, ಈಗ ಕೈಯೂ ಹೋಯಿತು. ಕೂಗಬೇಕು, ಏನನ್ನಾದರೂ ಎತ್ತಿ ಒಗೆಯಬೇಕು ಅನ್ನಿಸಿತು. ಆದರೆ ನಾನು ಎಣಿಸಿ ಮಾತಾಡುವವಳು, ಸಿಟ್ಟಿನಲ್ಲೂ ಎಣಿಸಿದೆ. ಈ ಸಹಿ ನನ್ನದಲ್ಲ ಎಂದು ಎಲ್ಲಿ ಹೇಳಿದರೂ ಸಹಿ ನೋಡಿ ನಿಮ್ಮದೇ ಅನ್ನುತ್ತಾರೆ. ಹತ್ತೊಂಬತ್ತು ವರ್ಷ ಓದದೆ ಒಂದು ಕಾಗದಕ್ಕೂ ಸಹಿ ಹಾಕದ ಕಾರಣಕ್ಕೇ ಆ ಸಹಿಯನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಸಾಕಮ್ಮನ ಮನೆಯನ್ನು ತಿನ್ನುತ್ತಿದ್ದದ್ದು ಆ ನಂಬಿಕೆ.

ಕಿಟಕಿಯ ಮುಂದೆ ಇಪ್ಪತ್ತು ಇಪ್ಪತ್ತೈದು ಜನರ ಸಾಲು ಇತ್ತು. ಮುಂದೆ ಹೋಗಿ ನಿಂತು ಹೇಳಿದೆ. "ಇಲ್ಲಿ 'ಸಹಿ ಹಾಕು' ಅಂತ ಒಂದು ಕೆಲಸ ಇದೆ. ಒತ್ತಿದರೆ ನನ್ನ ಸಹಿ ಬರುತ್ತೆ. ಕಾಗದದಲ್ಲಿ ಏನು ಬರೆದಿದ್ದರೂ ಬರುತ್ತೆ. ಒಳಗೆ ಅಧ್ಯಕ್ಷರು ಈಗ ತಾನೇ ಹಾಕಿಸಿಕೊಂಡರು, ಸಾಕಮ್ಮನ ಮನೆಯೊಳಗೆ ಯಾರೂ ಇರಲಿಲ್ಲ ಅಂತ. ನಿಮಗೂ ಬೇಕಾದದ್ದು ಬರೆದು ಹಾಕಿಸಿಕೊಳ್ಳಿ."

ಸಾಲಿನಿಂದ ಕ್ಷೌರದ ಕರಿಯಣ್ಣ, ಎಪ್ಪತ್ತು ದಾಟಿದವರು, ಮುಂದೆ ಬಂದರು. "ಏನ್ ಬೇಕಾದ್ರೂ ಅಂದ್ರೆ?" "ಏನು ಬೇಕಾದರೂ ಕರಿಯಣ್ಣ." ಅವರು ಪಕ್ಕದವರಿಂದ ಪೆನ್ನು ಇಸಿದುಕೊಂಡು ನೀರಿನ ಅರ್ಜಿಯ ಹಿಂದೆ ತನಗೆ ಇಪ್ಪತ್ತೆಂಟು ವರ್ಷ ಎಂದು ಬರೆದು ಕಲ್ಲಿನ ಮೇಲಿಟ್ಟು ಒತ್ತಿದರು. ಸಹಿ ಮೂಡಿತು. "ಹೆಣ್ಣು ನೋಡಿ ಹಂಗಾರೆ" ಎಂದರು. ಸಾಲು ನಗುವುದಕ್ಕೆ ಶುರುವಾಯಿತು.

ಆಮೇಲೆ ಕಾಗದ ಸಾಲದೆ ಹೋಯಿತು. ತನ್ನ ಸೊಸೆ ಜೀವಮಾನದಲ್ಲಿ ಎದುರುತ್ತರ ಕೊಟ್ಟಿಲ್ಲ ಎಂದು ಒಬ್ಬಳು. ತನ್ನ ಅತ್ತೆ ಮೂಗಿ ಎಂದು ಅವಳ ಹಿಂದೆಯೇ ನಿಂತಿದ್ದ ಸೊಸೆ. ಗುರುಲಿಂಗಯ್ಯನ ಹೋಟೆಲು ಒಂದು ದನದ ಕೊಟ್ಟಿಗೆ ಎಂದು ಇನ್ನೊಬ್ಬ. ಹೈಸ್ಕೂಲಿನ ಮೇಷ್ಟರೊಬ್ಬರು ಊರಿಗೆ ಊರೇ ಇಲ್ಲವೆಂದು ಬರೆದು, ಸಹಿ ಮೂಡಿದ್ದನ್ನು ತಿರುಗಿಸಿ ತಿರುಗಿಸಿ ನೋಡಿದರು. ನಾನು ಪಕ್ಕದಲ್ಲಿ ನಿಂತು ಒಂದೊಂದನ್ನೂ ನೋಡುತ್ತಿದ್ದೆ. ನಗು ಬರಲಿಲ್ಲ. ಒಂದೊಂದು ಸಹಿ ಮೂಡಿದಾಗಲೂ ಒಂದೊಂದು ವರ್ಷ ಕಿತ್ತುಹೋದಂತೆ ಆಗುತ್ತಿತ್ತು. ಮೂರು ಗಂಟೆಯ ಹೊತ್ತಿಗೆ ನನ್ನ ಸಹಿ ಇಲ್ಲದ ಮನೆ ಊರಿನಲ್ಲಿ ಇರಲಿಲ್ಲ, ಅದಕ್ಕೆ ಕವಡೆಯ ಬೆಲೆಯೂ ಇರಲಿಲ್ಲ.

ಆ ಕಾಗದಗಳಲ್ಲಿ ಒಂದು ಮರಣಪತ್ರ ಇತ್ತು. ಪುರಸಭೆಯ ಅಧ್ಯಕ್ಷ ಶಾಂತಮಲ್ಲಪ್ಪನವರು ಈ ದಿನ ಬೆಳಿಗ್ಗೆ ತೀರಿಕೊಂಡರು ಎಂದಿತ್ತು, ಕೆಳಗೆ ನನ್ನ ಸಹಿ. ಬರೆದವರು ಯಾರೆಂದು ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಹೇಳುವುದಿಲ್ಲ. ಅದು ಕೈಯಿಂದ ಕೈಗೆ ಹೋಗಿ ಕಡೆಗೆ ಅಧ್ಯಕ್ಷರ ಮೇಜಿಗೇ ಬಂತು. ಅವರು ಮೊದಲು ನಕ್ಕರಂತೆ. ಅಷ್ಟರಲ್ಲಿ ಹೊರಗೆ ಸಾಲಿನಲ್ಲಿದ್ದ ಒಬ್ಬ ಪರದೆಯ ಮೇಲೆ "ಹೆ" ಅಕ್ಷರ ಒತ್ತಿದ, ಸುಧನ್ವ ಮಾಡಿಟ್ಟಿದ್ದ ಹಾಗೆ ಹೆಸರುಗಳು ಇಳಿದುಬಂದವು. ಅವನು ಅದರಲ್ಲಿ ಒಂದನ್ನು ಎಲ್ಲರಿಗೂ ಕೇಳುವ ಹಾಗೆ ಓದಿದ. "ಹೆಣ ಸಾಗಿಸು ಅಂತಲೂ ಐತಲ್ಲಪ್ಪ. ಮುಂದಿನ ಚೌಕದಲ್ಲಿ ಯಾರ ಮನೆ ಅಂತ ಕೇಳ್ತೈತೆ."

ಉಸಿರಿದೆಯೋ ಇಲ್ಲವೋ ನೋಡಲು ಆ ಕೆಲಸಕ್ಕೂ ಕಣ್ಣಿಲ್ಲ ಎಂಬುದು ಅಧ್ಯಕ್ಷರಿಗೆ ಗೊತ್ತಿತ್ತು. ಹಿಂದಿನ ದಿನವಷ್ಟೇ ಮಂಟಪದ ಬೀದಿಯಲ್ಲಿ ನೋಡಿದ್ದರು. ಬರಿಗಾಲಿನಲ್ಲಿ ಹೊರಗೆ ಬಂದರು. "ಮೊದಲು ಅದನ್ನ ಕೀಳ್ರೀ" ಎಂದರು. ಸುಧನ್ವ ತಂತಿ ಕಿತ್ತರು. ಒಂದು ಹೆಂಗಸಿನ ಕೈ ಇಟ್ಟಿಗೆಯ ಕೆಳಗೆ ಹೋದಾಗ ಇವರು ವರದಿ ಬರೆಸಿದರು, ಬಿಸ್ಕತ್ತು ತರಿಸಿದರು. ಒಂದು ತುಂಡು ಕಾಗದ ಇವರ ಕಡೆ ತಿರುಗಿದಾಗ ಯಂತ್ರ ನಿಲ್ಲಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. ನಿಲ್ಲಿಸಬಹುದಿತ್ತು. ಮೊದಲ ದಿನವೇ ನಿಲ್ಲಿಸಬಹುದಿತ್ತು. ಅದನ್ನು ನಾನು ಯಾವತ್ತೂ ಕ್ಷಮಿಸುವುದಿಲ್ಲ.

ಸೋಮವಾರದ ಸಭೆಯಲ್ಲಿ ವರದಿ ಓದಿದರು. ಕೆಳಗೆ ಕರೆಯಮ್ಮನ ಸಹಿ ಇದೆ ಎಂದಾಗ ಕೂತವರೆಲ್ಲ ಜೇಬಿನಿಂದ, ಸೆರಗಿನ ಗಂಟಿನಿಂದ ತಮ್ಮ ತಮ್ಮ ಕಾಗದ ತೆಗೆದು ಮೇಲೆತ್ತಿ ಹಿಡಿದರು. ಕರಿಯಣ್ಣ ಎದ್ದು ನಿಂತು, "ನನ್ನ ಮದುವೆ ವಿಚಾರ ಮೊದಲು ಆಗಲಿ" ಎಂದರು. ಸಹಿ ಬಿದ್ದುಹೋಯಿತು, ವರದಿ ಬಿದ್ದುಹೋಯಿತು. ಹದಿನಾಲ್ಕನೇ ಮನೆ ಕದ್ದ ಕೆಲಸವೆಂದು ಬರೆದುಕೊಂಡರು. ಗುರುಲಿಂಗಯ್ಯ ಮಾತ್ರ ತನ್ನ ಹೋಟೆಲಿನ ಗಲ್ಲಾದಲ್ಲಿ ಹಿಂದಿನಂತೆಯೇ ಕೂತಿದ್ದಾನೆ. ಹೆಸರು ಒತ್ತಿದವನಿಗೆ ಏನು ಶಿಕ್ಷೆ ಎಂದು ನಮ್ಮ ನಿಯಮದಲ್ಲಿ ಬರೆದಿಲ್ಲ.

ಕೆಡವುವುದಕ್ಕೆ ಹೆಸರಿರುವ ನಮ್ಮೂರಿನಲ್ಲಿ ಕಟ್ಟುವುದಕ್ಕೆ ಹೆಸರಿಲ್ಲ. ಅದನ್ನು ಕೈಯಲ್ಲೇ ಮಾಡಬೇಕು. ಮಂಗಳವಾರ ಬೆಳಿಗ್ಗೆ ಬೀದಿಯವರು ಮಣ್ಣು ಕಲಸಿದರು. ನಾನು ಇಟ್ಟಿಗೆ ಹೊತ್ತೆ. ಗೋಡೆಕಿವಿಯ ಕುರ್ಚಿ ಖಾಲಿ ಇತ್ತು, ನಲ್ಲಿಗಳು ಒಣಗಿದವು. ಕೊಡ ಹೊತ್ತು ಹೊಳೆಗೆ ಹೋಗುವ ಹೆಂಗಸರಲ್ಲಿ ಒಬ್ಬಳು ನಿಂತು, "ನಿಮ್ಮ ನಿಮ್ಮ ಜಗಳ. ನಮ್ಮ ಸೊಂಟ ಯಾಕಮ್ಮ ಮುರೀತೀರಿ?" ಎಂದು ಕೇಳಿದಳು. ಅವಳು ಹೇಳಿದ್ದು ಸರಿ. ಕಲಸಿದ ಮಣ್ಣಿನ ಕೈಯನ್ನು ಸೀರೆಗೆ ಒರೆಸಿಕೊಂಡು, "ಸಂಜೆ ಕೊಡ ನಾನೇ ಹೊರುತ್ತೇನೆ" ಎಂದೆ. ಅವಳು ಹೊಳೆಯ ಕಡೆ ಹೋದಳು. ಮಧ್ಯಾಹ್ನ ಬಂದು ಕೊಡ ಪಕ್ಕಕ್ಕಿಟ್ಟು ಮಣ್ಣು ತುಳಿದಳು.

ಮೂರನೆಯ ದಿನ ಅಧ್ಯಕ್ಷರು ಸುಧನ್ವರ ಜೊತೆ ಬಂದರು. ಅಂಗಿಯ ಮೇಲೆ ಉದ್ಘಾಟನೆಯಲ್ಲಿ ಹೊದಿಸಿದ್ದ ಶಾಲು ಇತ್ತು. "ಕಾತ್ಯಾಯಿನಿಯವರೇ, ಆದದ್ದು ಆಯಿತು. ಬಂದು ಕೂತ್ಕೊಳ್ಳಿ. ಪಟ್ಟಿ ಮತ್ತೆ ಹಾಕಿಕೊಡಿ. ಇವರ ಹತ್ತಿರ ಹಳೆಯದು ಉಳಿದಿಲ್ಲವಂತೆ" ಎಂದರು.

"ಅಳಿಸಿಬಿಟ್ಟಿದ್ದೆ ಮೇಡಂ" ಎಂದರು ಸುಧನ್ವ, ನೆಲ ನೋಡುತ್ತಾ. "ಯಾವ ಹೆಸರು ಬಿಡಬಹುದು, ಯಾವುದು ಬಿಡಬಾರದು ಅಂತ ನನಗೆ ತಿಳಿಯೋದಿಲ್ಲ."

"ಪಟ್ಟಿ ಮಾತ್ರ ಅಲ್ಲ, ಈ ಸಲ ಒಂದೊಂದು ಫಂಕ್ಷನ್ ಒಳಗೂ ಮೂರು ಪ್ರಶ್ನೆ ಬರೀತೀನಿ" ಎಂದೆ. "ಮೊದಲು ಗೋಡೆ ಆಗಲಿ."

"ಎಷ್ಟು ದಿನ ಆಗುತ್ತೆ?"

"ಕೈ ಎಷ್ಟಿರುತ್ತೋ ಅದರ ಮೇಲೆ."

ಅವರು ಸುತ್ತ ನೋಡಿದರು. ಬೀದಿ ಕೆಲಸ ನಿಲ್ಲಿಸಿ ಅವರನ್ನೇ ನೋಡುತ್ತಿತ್ತು. ಸುಧನ್ವ ಕೀಯನ್ನು ಜೇಬಿಗೆ ಹಾಕಿಕೊಂಡು ಸಾಲಿನ ಕೊನೆಯಲ್ಲಿ ನಿಂತರು. ಅಧ್ಯಕ್ಷರು ಶಾಲು ತೆಗೆದು ಎಲ್ಲಿಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು. ಆಮೇಲೆ ಅದನ್ನು ಬೇವಿನ ಮರಕ್ಕೆ ಒರಗಿದ್ದ ಬಾಗಿಲ ಮೇಲೆ ಹಾಕಿ ಅಟ್ಟಿಯ ಹತ್ತಿರ ಬಂದರು. ಮಂಚದ ಮೇಲೆ, ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸಾಕಮ್ಮ ಕೂತಿದ್ದಳು. ಅವರು ಎರಡೂ ಕೈಯಿಂದ ಒಂದು ಇಟ್ಟಿಗೆ ಎತ್ತಿಕೊಳ್ಳುವುದನ್ನು ನೋಡಿದಳು.

"ಹಂಗಲ್ಲ ಸ್ವಾಮಿ" ಎಂದಳು. "ಕೆಳಗಿಂದ ಹಿಡೀರಿ. ಬೆರಳು ಜ್ವಾಪಾನ."